ಹಳೆ ಕಾರು ಯಾರಿಗೆ ಮಾರೋದು? ಷೋರೂಂ, ಆನ್‌ಲೈನ್ ಕಂಪನಿ, ಕನ್ಸಲ್ಟೆನ್ಸಿ, ಇಲ್ಲಾ ಗೊತ್ತಿಲ್ಲದವರಿಗೇ ನೇರವಾಗಿ?

ಕಾರು ಮಾರಬೇಕು ಅಂತ ತೀರ್ಮಾನ ಆದ ಮೇಲೆ ಎಲ್ಲರೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾರಿಗೆ ಮಾರೋದು? ಹೊಸ ಕಾರಿನ ಷೋರೂಂನವರು ಎಕ್ಸ್‌ಚೇಂಜ್ ಬೋನಸ್ ತೋರಿಸುತ್ತಾರೆ. ಆನ್‌ಲೈನ್ ಕಂಪನಿಯವರು ಮನೆಗೇ ಬಂದು ನೋಡುತ್ತೇವೆ ಅನ್ನುತ್ತಾರೆ. ಬಡಾವಣೆಯ ಕಾರ್ ಕನ್ಸಲ್ಟೆನ್ಸಿಯವರು "ಗಾಡಿ ಬಿಟ್ಟು ಹೋಗಿ ಸಾರ್, ವಾರದಲ್ಲಿ ಮಾಡಿಕೊಡ್ತೀನಿ" ಅನ್ನುತ್ತಾರೆ. ಸೋದರತ್ತೆ ಮಗ "ಬೇರೆಯವರಿಗೆ ಯಾಕೆ, ನನಗೇ ಕೊಡಿ" ಅನ್ನುತ್ತಾನೆ. ಇವೆಲ್ಲ ಬಿಟ್ಟರೆ ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಜಾಹೀರಾತು ಹಾಕಿ, ಮುಖ ಪರಿಚಯವೂ ಇಲ್ಲದವರಿಗೆ ನೇರವಾಗಿ ಮಾರುವ ದಾರಿ ಉಳಿಯುತ್ತದೆ. ಜನ ಜಾಸ್ತಿ ಹೆದರುವುದು ಇದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಕಾರು, ಸರಿಯಾದ ದಾಖಲೆ, ಒಂದೆರಡು ವಾರಾಂತ್ಯದ ಬಿಡುವು ಇಷ್ಟಿದ್ದರೆ ಗೊತ್ತಿಲ್ಲದವರಿಗೆ ಮಾರುವುದೇ ಒಳ್ಳೆಯದು. ದುಡ್ಡಿಗೆ ಮಾತ್ರ ಈ ಮಾತು ಹೇಳುತ್ತಿಲ್ಲ. ಕಾರು ತಾನೇ ಓಡಿಸಲು ಕೊಳ್ಳುವವನಿಗೆ ಅದು ತನ್ನ ಹೆಸರಿಗೆ ಬೇಗ ಆಗಬೇಕು ಅನ್ನುವ ಅವಸರ ಇರುತ್ತದೆ. ಮಧ್ಯವರ್ತಿಗೆ ಆ ಅವಸರ ಇರುವುದಿಲ್ಲ. ಮಾರಿದವರ ನಿದ್ದೆ ಕೆಡಿಸುವುದು ಈ ವ್ಯತ್ಯಾಸವೇ.

ಅಳೆಯುವುದು ಹೇಗೆ?

ದುಡ್ಡು ಎಷ್ಟು ಕೈಗೆ ಬರುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಓಡಾಟ ಮತ್ತು ಮಾತುಕತೆ ಎಷ್ಟು – ಇವು ಎಲ್ಲರೂ ಕೇಳುವ ಪ್ರಶ್ನೆಗಳು. ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಆರ್‌ಸಿ (ಕಾರಿನ ನೋಂದಣಿ ಪತ್ರ) ನಿಮ್ಮ ಹೆಸರಿನಿಂದ ಯಾವಾಗ ಹೋಗುತ್ತದೆ, ಯಾರ ಹೆಸರಿಗೆ ಹೋಗುತ್ತದೆ?

ಇದಕ್ಕೆ ನಾನು ಯಾಕೆ ಇಷ್ಟು ತೂಕ ಕೊಡುತ್ತೇನೆ ಅಂದರೆ, ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಬ್ಬರು 2007ರಲ್ಲೇ ಕಾರು ಮಾರಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತಾ ಹೋಯಿತು. ಹೆಸರು ಮಾತ್ರ ಯಾರೂ ಬದಲಾಯಿಸಲಿಲ್ಲ. 2009ರಲ್ಲಿ ಅಪಘಾತ ಆಯಿತು. ಪರಿಹಾರದ ಹೊಣೆ ಮೊದಲ ಮಾಲೀಕರ ಮೇಲೆಯೇ ಬಿತ್ತು. ಕಾರಿನ ಮುಖ ನೋಡಿ ಎರಡು ವರ್ಷ ಆಗಿದ್ದವರ ಮೇಲೆ! ಈ ಕಥೆಯಲ್ಲಿ ಕೈಕೊಟ್ಟಿದ್ದು ಉದ್ದದ ಸರಪಳಿ.

ಹಾಗಾಗಿ ಕೆಳಗಿನ ಪ್ರತಿ ದಾರಿಯನ್ನೂ ಈ ನಾಲ್ಕನೇ ಪ್ರಶ್ನೆಯಿಂದಲೇ ನೋಡೋಣ.

ಷೋರೂಂ ಎಕ್ಸ್‌ಚೇಂಜ್

ಹೊಸ ಕಾರು ತಗೊಳ್ಳುವವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಹಳೇದರಲ್ಲಿ ಹೋಗಿ ಹೊಸದರಲ್ಲಿ ಬರಬಹುದು. ಒಂದು ದಿನವೂ ಕಾರಿಲ್ಲದೆ ಇರಬೇಕಾಗಿಲ್ಲ. ಮಾರುತಿ ಟ್ರೂ ವ್ಯಾಲ್ಯೂ, ಟೊಯೊಟಾ ಯು ಟ್ರಸ್ಟ್ ಥರದ ಕಂಪನಿಯದೇ ವಿಭಾಗ ಇದ್ದರೆ ದಾಖಲೆ ಕೆಲಸವೂ ಸಾಮಾನ್ಯವಾಗಿ ಶಿಸ್ತಾಗಿ ಆಗುತ್ತದೆ.

ಬೆಲೆಯಲ್ಲಿ ಮಾತ್ರ ಕಣ್ಣು ತೆರೆದಿರಬೇಕು. ಎಕ್ಸ್‌ಚೇಂಜ್ ಬೋನಸ್ 30,000 ಅಂತ ದೊಡ್ಡದಾಗಿ ಬರೆದು, ಹಳೆ ಕಾರಿನ ಬೆಲೆಯಲ್ಲಿ 50,000 ಕಡಿಮೆ ಹಾಕಿದರೆ ನಿಮಗೆ ಸಿಕ್ಕಿದ್ದೇನು? ಆದ್ದರಿಂದ ಹೊಸ ಕಾರಿನ ರಿಯಾಯಿತಿ, ಬೋನಸ್, ಹಳೆ ಕಾರಿನ ಬೆಲೆ ಮೂರನ್ನೂ ಬೇರೆಬೇರೆ ಬರೆಸಿಕೊಳ್ಳಿ. ಎಕ್ಸ್‌ಚೇಂಜ್ ಇಲ್ಲದೆ ತಗೊಂಡರೆ ಹೊಸ ಕಾರು ಎಷ್ಟಕ್ಕೆ ಬೀಳುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಇನ್ನೊಂದು ವಿಷಯ. ಷೋರೂಂನಲ್ಲಿ ಬಿಟ್ಟ ಕಾರನ್ನು ಅವರೇ ಇಟ್ಟುಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಅವತ್ತೇ ಯಾವುದೋ ಬ್ರೋಕರ್ ಕೈಗೆ ಹೋಗಿರುತ್ತದೆ. "ಆರ್‌ಸಿ ಯಾರ ಹೆಸರಿಗೆ ಹೋಗುತ್ತೆ, ಯಾವಾಗ ಹೋಗುತ್ತೆ, ಬರೆದುಕೊಡಿ" ಅಂತ ಕೇಳಲು ಸಂಕೋಚ ಬೇಡ.

ಆನ್‌ಲೈನ್ ಕಂಪನಿ

ಕಾರ್ಸ್24, ಸ್ಪಿನ್ನಿ ಮುಂತಾದವು ಈಗ ಮನೆಮಾತು. ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಅಂದಾಜು ಬೆಲೆ ಬರುತ್ತದೆ. ಆಮೇಲೆ ಒಬ್ಬರು ಬಂದು ಪೇಂಟ್, ಟೈರ್, ಇಂಜಿನ್ ಎಲ್ಲ ನೋಡಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬೆಲೆ ಒಪ್ಪಿಗೆ ಆದರೆ ದುಡ್ಡು ಬೇಗ ಖಾತೆಗೆ ಬರುತ್ತದೆ. ಸಾಲ ಬಾಕಿ ಇದ್ದರೂ ಬ್ಯಾಂಕಿನ ಲೆಕ್ಕ ಚುಕ್ತಾ ಮಾಡಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ಆ್ಯಪ್ ತೋರಿಸಿದ ಬೆಲೆಗೂ ಪರೀಕ್ಷೆ ಆದ ಮೇಲಿನ ಬೆಲೆಗೂ ಅಂತರ ಇರಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅವರು ನಿಮ್ಮಿಂದ ಕೊಂಡು, ರಿಪೇರಿ ಮಾಡಿಸಿ, ವಾರಂಟಿ ಕೊಟ್ಟು, ಜಾಗಕ್ಕೆ ಬಾಡಿಗೆ ಕಟ್ಟಿ ಮಾರಬೇಕು. ಅದರ ಮೇಲೆ, 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ, ಹಳೆ ವಾಹನ ಮಾರುವ ವ್ಯಾಪಾರಿಗಳ ಲಾಭದ ಅಂತರಕ್ಕೆ 18% ಜಿಎಸ್‌ಟಿ ಅಂತ ತೀರ್ಮಾನಿಸಿತು. ಆ ಸುದ್ದಿ ಬಂದಾಗ ಮನೆಮಂದಿ ಕಾರು ಮಾರಿದರೂ ಜಿಎಸ್‌ಟಿ ಕಟ್ಟಬೇಕೇನೋ ಅಂತ ಗಾಬರಿಯಾದವರಿದ್ದಾರೆ. ಹಾಗಿಲ್ಲ. ಸ್ವಂತಕ್ಕೆ ಓಡಿಸಿದ ಕಾರನ್ನು ಒಬ್ಬರು ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ನೇರ ಮಾರಾಟದಲ್ಲಿ ದುಡ್ಡು ಜಾಸ್ತಿ ಸಿಗಲು ಇದೂ ಒಂದು ಕಾರಣ. ಮಧ್ಯದ ಖರ್ಚುಗಳು ಯಾವುವೂ ಇಲ್ಲದಿದ್ದಾಗ ಆ ಮೊತ್ತ ನಿಮ್ಮ ಮತ್ತು ಕೊಳ್ಳುವವರ ನಡುವೆ ಹಂಚಿಹೋಗುತ್ತದೆ.

ನಾಲ್ಕನೇ ಪ್ರಶ್ನೆಗೆ ಇಲ್ಲಿ ಒಂದು ಒಳ್ಳೆಯ ಉತ್ತರ ಇದೆ. 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಬಂದಿದೆ. ಅದರ ಪ್ರಕಾರ ಅಧಿಕೃತ ಪತ್ರ ಪಡೆದ ಡೀಲರ್‌ಗೆ ಕಾರು ಒಪ್ಪಿಸಿ ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಗೆ ತಿಳಿಸಿದರೆ, ಅಲ್ಲಿಂದ ಮುಂದೆ ಆ ಡೀಲರೇ ಮಾಲೀಕ ಅಂತ ಲೆಕ್ಕ. ಕಂಪನಿಯಾಗಲಿ ಷೋರೂಂ ಆಗಲಿ, ಅವರಿಗೆ ಈ ಅಧಿಕೃತ ಪತ್ರ ಇದೆಯಾ, 29ಸಿ ಹಾಕುತ್ತಾರಾ ಅಂತ ಕೇಳಿ. ಹೌದು ಅಂದರೆ ನಿಮ್ಮ ಅರ್ಧ ಚಿಂತೆ ಕಳೆದಂತೆ. ತಡವರಿಸಿದರೆ ನೀವೂ ಸ್ವಲ್ಪ ತಡೆಯಿರಿ.

ಕನ್ಸಲ್ಟೆನ್ಸಿ ಮತ್ತು ಬ್ರೋಕರ್

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಳ್ಳೆಯ ಕನ್ಸಲ್ಟೆಂಟ್‌ಗಳು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಯಾರಿಗೆ ಯಾವ ಗಾಡಿ ಬೇಕು ಅನ್ನುವುದು ಗೊತ್ತಿರುತ್ತದೆ. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರಿನಂಥ ಕಡೆ ಅರ್ಧ ವ್ಯವಹಾರ ಇವರ ಮೂಲಕವೇ ನಡೆಯುತ್ತದೆ ಅನ್ನಿಸುತ್ತದೆ. ಕೊಳ್ಳುವವರನ್ನು ಮುಂದೆ ಕೂರಿಸಿ ಕಮಿಷನ್ ಮಾತ್ರ ತಗೊಳ್ಳುವವರಾದರೆ ಧೈರ್ಯವಾಗಿ ಹೋಗಿ.

ಆದರೆ ಹೆಸರು ಬದಲಾವಣೆಗೆ ಬೇಕಾದ ಫಾರಂ 29, ಫಾರಂ 30 ಖಾಲಿ ಇರುವಾಗಲೇ ಸಹಿ ಕೇಳುತ್ತಾರಲ್ಲ, ಅಲ್ಲಿ ಎದ್ದು ಬನ್ನಿ. ಖಾಲಿ ಫಾರಂ ಅಂದರೆ ಕಾರು ಎಷ್ಟು ಕೈ ಬೇಕಾದರೂ ದಾಟಬಹುದು, ಆರ್‌ಸಿ ಮಾತ್ರ ನಿಮ್ಮ ಹೆಸರಲ್ಲೇ ಇರುತ್ತದೆ ಅಂತ. ಮೇಲೆ ಹೇಳಿದ ಸುಪ್ರೀಂ ಕೋರ್ಟ್ ಕೇಸು ನೆನಪಿದೆ ತಾನೆ?

ನೆಂಟರು, ಗೆಳೆಯರು, ಆಫೀಸಿನವರು

ಬೆಲೆ ಬಾಯಿಬಿಟ್ಟು ಕೇಳಲಾಗದು. ಕಡಿಮೆ ಹೇಳಿದರೆ ನಿಮಗೆ ನೋವು, ಜಾಸ್ತಿ ಹೇಳಿದರೆ ಅವರಿಗೆ. ಆರು ತಿಂಗಳಾದ ಮೇಲೆ ಎಸಿ ಕೆಟ್ಟರೂ ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಅದೇ ಮಾತು. ಹೆಸರು ಬದಲಾಯಿಸಿಕೊಳ್ಳಿ ಅಂತ ಎರಡು ಸಲ ನೆನಪಿಸಿದರೆ "ನಮ್ಮ ಮೇಲೆ ನಂಬಿಕೆ ಇಲ್ವಾ" ಅನ್ನುತ್ತಾರೆ. ಅಪರಿಚಿತರ ಹತ್ತಿರ ಈ ಮುಲಾಜು ಯಾವುದೂ ಇಲ್ಲ. ಕಾರಿನ ಪೂರ್ತಿ ಚರಿತ್ರೆ ಗೊತ್ತಿರುವ, ನಿಮ್ಮ ಮೆಕ್ಯಾನಿಕ್‌ನನ್ನೇ ನಂಬುವ ಗೆಳೆಯ ಇದ್ದರೆ ಆ ಮಾತು ಬೇರೆ.

ಗೊತ್ತಿಲ್ಲದವರಿಗೆ ನೇರವಾಗಿ

ನಾನು ಮಾರಿದ ಕಾರು ಹೋಗಿದ್ದು ಹಾಸನದ ಕಡೆಯ ಒಂದು ಕುಟುಂಬಕ್ಕೆ. ಜಾಹೀರಾತು ನೋಡಿ ಮಗ ಫೋನ್ ಮಾಡಿದ. ಭಾನುವಾರ ಅಪ್ಪ, ಅಮ್ಮ, ಜೊತೆಗೊಬ್ಬ ಮೆಕ್ಯಾನಿಕ್ ಬಂದರು. ಅಪ್ಪ ಕಾರಿನ ಸುತ್ತ ಬರಲಿಲ್ಲ, ನನ್ನ ಹತ್ತಿರ ಮಾತಾಡುತ್ತಾ ಕೂತರು. ಎಲ್ಲಿ ಕೆಲಸ, ಯಾಕೆ ಮಾರುತ್ತಿದ್ದೀರಿ, ಮಳೆಗಾಲದಲ್ಲಿ ನೀರಲ್ಲಿ ನಿಂತಿತ್ತಾ ಅಂತ. ಆಮೇಲೆ ಗೊತ್ತಾಯಿತು, ಅವರು ಕಾರಿಗಿಂತ ಜಾಸ್ತಿ ನನ್ನನ್ನೇ ಪರೀಕ್ಷೆ ಮಾಡುತ್ತಿದ್ದರು. ಹಿಂದಿನ ಬಾಗಿಲ ಡೆಂಟು, ಬದಲಾಯಿಸಬೇಕಾದ ಎರಡು ಟೈರು ಎಲ್ಲ ಜಾಹೀರಾತಿನಲ್ಲೇ ಬರೆದಿದ್ದೆ. ಚೌಕಾಸಿಗೆ ಹಿಡಿಯಲು ಅವರಿಗೆ ಹೊಸದೇನೂ ಸಿಗಲಿಲ್ಲ. ಆನ್‌ಲೈನ್ ಕಂಪನಿ ಹೇಳಿದ್ದಕ್ಕಿಂತ ಒಳ್ಳೆಯ ಬೆಲೆಗೆ ಮುಗಿಯಿತು. ಶುಕ್ರವಾರ ಗಾಡಿ ಕೊಡಬೇಡಿ ಅಂತ ನಮ್ಮಮ್ಮ, ರಾಹುಕಾಲ ಕಳೆಯಲಿ ಅಂತ ಅವರಮ್ಮ. ಕೊನೆಗೆ ಇಬ್ಬರೂ ಸೇರಿ ಸಮಯ ಗೊತ್ತು ಮಾಡಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟರು. ಕೆಲವು ವಾರ ಆದ ಮೇಲೆ ಹೊಸ ಆರ್‌ಸಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂತು, ನಾನು ಕೇಳುವ ಮೊದಲೇ.

ನನ್ನ ಗೆಳತಿಯೊಬ್ಬರ ವ್ಯಾಗನ್‌ಆರ್ ಮೈಸೂರಿನಲ್ಲಿ ನಿವೃತ್ತ ಮೇಷ್ಟರಿಗೆ ಹೋಯಿತು. ಡ್ರೈವಿಂಗ್ ಕಲಿಯಲು ಅವರಿಗೆ ಹಳೆ ಕಾರೇ ಬೇಕಿತ್ತು. ಸರ್ವಿಸ್ ಬಿಲ್ಲುಗಳ ಫೈಲು ನೋಡಿ ಅರ್ಧ ಮನಸ್ಸು ಮಾಡಿದರಂತೆ. ಇಂಥ ಕೊಳ್ಳುವವರು ಕಂಪನಿಯ ಕಂಪ್ಯೂಟರ್‌ಗೆ ಕಾಣದ ಸಂಗತಿಗೂ ಬೆಲೆ ಕೊಡುತ್ತಾರೆ: ಒಂದೇ ಕೈಯಲ್ಲಿ ಓಡಿದ್ದು, ನೆರಳಲ್ಲಿ ನಿಂತಿದ್ದು, ಸರಿಯಾದ ಸಮಯಕ್ಕೆ ಆಯಿಲ್ ಬದಲಾಗಿದ್ದು. ಕಾರನ್ನು ಚೆನ್ನಾಗಿ ನೋಡಿಕೊಂಡವರಿಗೆ ಆ ಶ್ರಮದ ಬೆಲೆ ಸಿಗುವುದು ಈ ದಾರಿಯಲ್ಲಿ ಮಾತ್ರ.

ಬ್ಯಾಂಕ್ ಸಾಲ ಮಾಡಿ ಕೊಳ್ಳುವವರು ಬಂದರೆ ಜನ ತಡ ಆಗುತ್ತದೆ ಅಂತ ಬಿಟ್ಟುಬಿಡುತ್ತಾರೆ. ನನಗೆ ಅವರೇ ಮೇಲು ಅನ್ನಿಸುತ್ತದೆ. ಸ್ವಲ್ಪ ದಿನ ಕಾಯಬೇಕು, ನಿಜ. ಆದರೆ ಸಾಲ ಕೊಟ್ಟ ಬ್ಯಾಂಕಿಗೇ ಆರ್‌ಸಿಯಲ್ಲಿ ಕೊಂಡವರ ಹೆಸರು ಮತ್ತು ತನ್ನ ಎಚ್‌ಪಿ (ಕಾರಿನ ಮೇಲೆ ಸಾಲ ಇದೆ ಅನ್ನುವ ನಮೂದು) ಬರಬೇಕಿರುತ್ತದೆ. ನಿಮ್ಮ ಕೆಲಸಕ್ಕೆ ಬ್ಯಾಂಕೇ ಕಾವಲು.

ಇನ್ನು ಕಷ್ಟದ ಕಡೆ. ಜಾಹೀರಾತು ಹಾಕಿದ ಮೊದಲ ದಿನವೇ "ಲಾಸ್ಟ್ ರೇಟ್ ಹೇಳಿ ಸಾರ್" ಅನ್ನುವ ಮೆಸೇಜುಗಳ ಸುರಿಮಳೆ. ಅದರಲ್ಲಿ ಬಹಳಷ್ಟು ಬ್ರೋಕರ್‌ಗಳದ್ದೇ. ಕಾರು ನೋಡದೆ ಬೆಲೆ ಇಳಿಸು ಅನ್ನುವವರಿಗೆ "ಬಂದು ನೋಡಿ, ಮಾತಾಡೋಣ" ಅಂದರೆ ಸಾಕು, ಜರಡಿ ಹಿಡಿದಂತೆ ಅರ್ಧ ಜನ ಉದುರಿಹೋಗುತ್ತಾರೆ. ನಾನು ಸೈನ್ಯದಲ್ಲಿದ್ದೇನೆ, ನೋಡದೆಯೇ ತಗೊಳ್ಳುತ್ತೇನೆ, ಅಡ್ವಾನ್ಸ್ ಕಳಿಸಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನುವವರು ಕಳ್ಳರೇ. ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಟೆಸ್ಟ್ ಡ್ರೈವ್‌ಗೆ ಮುಂಚೆ ಲೈಸೆನ್ಸ್ ನೋಡಿ, ನೀವೂ ಪಕ್ಕದಲ್ಲಿ ಕೂರಿ. ಹಗಲು ಹೊತ್ತು, ಜನ ಓಡಾಡುವ ಜಾಗ, ಜೊತೆಗೊಬ್ಬರು. ಇಷ್ಟು ಮಾಡಿದರೆ ಉಳಿದವರು ನಮ್ಮ ನಿಮ್ಮಂಥವರೇ.

ಬೆಲೆ ಎಷ್ಟು ಹೇಳಬೇಕು ಅನ್ನುವುದಕ್ಕೆ ಒಂದು ಸುಲಭ ಉಪಾಯ ಇದೆ. ಆನ್‌ಲೈನ್ ಕಂಪನಿಯಿಂದ ಒಂದು ಬೆಲೆ, ಷೋರೂಂನಿಂದ ಒಂದು ಬೆಲೆ ತಗೊಳ್ಳಿ. ಅದರಲ್ಲಿ ಜಾಸ್ತಿ ಯಾವುದೋ ಅದು ನಿಮ್ಮ ತಳ. ಜಾಹೀರಾತುಗಳಲ್ಲಿ ಅದೇ ಮಾಡೆಲ್, ಅದೇ ವರ್ಷದ ಕಾರಿಗೆ ಕೇಳುತ್ತಿರುವ ಬೆಲೆ ನಿಮ್ಮ ಮಾಳಿಗೆ. ಅದು ಕೇಳುವ ಬೆಲೆ, ಸಿಗುವ ಬೆಲೆಯಲ್ಲ ಅನ್ನುವುದು ನೆನಪಿರಲಿ. ವ್ಯವಹಾರ ಇವೆರಡರ ನಡುವೆ ಎಲ್ಲೋ ಕುದುರುತ್ತದೆ. ಹೊಸ ಕಾರಿನ ಈಗಿನ ಆನ್‌ರೋಡ್ ಬೆಲೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18%ಗೆ ಇಳಿದ ಮೇಲೆ ಹಳೆ ಲೆಕ್ಕಗಳು ನಡೆಯುವುದಿಲ್ಲ. "ನಾನು ಇಷ್ಟು ಕೊಟ್ಟು ತಗೊಂಡಿದ್ದೆ" ಅನ್ನುವ ಮಾತು ಕೊಳ್ಳುವವರಿಗೆ ಬೇಕಿಲ್ಲ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಫೋನು ಬರುವುದೇ ಕಡಿಮೆ. ಬಂದರೂ "ಶ್ರಾವಣ ಬರಲಿ", "ನವರಾತ್ರಿ ಬರಲಿ" ಅನ್ನುತ್ತಾರೆ. ಯುಗಾದಿ, ಆಯುಧಪೂಜೆ, ದೀಪಾವಳಿಗೆ ಎರಡು ವಾರ ಮುಂಚೆ ಜಾಹೀರಾತು ಹಾಕಿದರೆ ಬೇಗ ಹೋಗುತ್ತದೆ. ಡಿಸೆಂಬರ್ ಕೊನೆಗೆ ತಳ್ಳಬೇಡಿ. ಜನವರಿ ಬಂದರೆ ಕಾರಿಗೆ ಸುಮ್ನೆ ಒಂದು ವರ್ಷ ವಯಸ್ಸಾಗುತ್ತದೆ.

ನೇರವಾಗಿ ಮಾರುವವರು ಮಾಡಬೇಕಾದ ಕೆಲಸ

ಜಾಹೀರಾತಿಗೆ ಮುಂಚೆಯೇ ಟ್ರಾಫಿಕ್ ಫೈನ್ ಎಷ್ಟಿದೆ ನೋಡಿ ಕಟ್ಟಿಬಿಡಿ. ಬೆಂಗಳೂರಿನಲ್ಲಿ ಕೊಳ್ಳುವವರು ಮೊದಲು ನೋಡುವುದೇ ಇದನ್ನು. ಸರ್ಕಾರ 2023ರಲ್ಲಿ ಮತ್ತು 2025ರಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಿತ್ತು ಅಂತ ಮುಂದಿನದಕ್ಕೆ ಕಾಯುತ್ತಾ ಕೂರಬೇಡಿ. 2019ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು ಹಾಕಿಸಿರಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಕೊಟ್ಟು ಎಚ್‌ಪಿ ಕ್ಯಾನ್ಸಲ್ ಮಾಡಿಸಿಕೊಳ್ಳಿ. ವಾಹನ ನೋಂದಣಿಯ ಸರ್ಕಾರಿ ಜಾಲತಾಣ ಪರಿವಾಹನ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರೇ ಇರಲಿ, ಓಟಿಪಿ ಬರುವುದು ಅದಕ್ಕೇ. ವಿಮೆ, ಎಮಿಷನ್ ಎರಡೂ ಚಾಲ್ತಿಯಲ್ಲಿರಲಿ.

ದುಡ್ಡಿನ ವಿಷಯದಲ್ಲಿ ನಿಯಮ ಸರಳ. ನಗದಾಗಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತಗೊಂಡವರಿಗೆ. ಖಾತೆಯಿಂದ ಖಾತೆಗೆ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ ಈಗ ದಿನದ 24 ಗಂಟೆಯೂ ಇದೆ. ಭಾನುವಾರವೂ ಕಳಿಸಬಹುದು. ಎಸ್‌ಎಂಎಸ್, ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ದುಡ್ಡು ಕಂಡ ಮೇಲೆ ಕೀ ಕೊಡಿ.

ಕೀ ಕೊಡುವಾಗ ಒಂದು ಡೆಲಿವರಿ ನೋಟ್ ಬರೆಯಿರಿ. ತಾರೀಕು ಮಾತ್ರ ಸಾಲದು, ಗಂಟೆಯೂ ಇರಲಿ. ಅವತ್ತು ಸಂಜೆ ಅವರು ಸಿಗ್ನಲ್ ಜಂಪ್ ಮಾಡಿದರೆ ನೋಟಿಸ್ ಬರುವುದು ನಿಮಗೆ. ಓಡೋಮೀಟರ್ ಸಂಖ್ಯೆ, ಇಬ್ಬರ ಸಹಿ, ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ಫಾರಂ 29, 30 ಪೂರ್ತಿ ತುಂಬಿದ ಮೇಲೆ ಸಹಿ. ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದನ್ನು ಕೊಂಡವರಿಗೆ ಬಿಡದೆ ನೀವೇ ಮಾಡಿ. ಹೊರ ರಾಜ್ಯದವರಾದರೆ ಫಾರಂ 28ರ ಎನ್‌ಒಸಿ ಬೇಕು. ಆ ಓಡಾಟ ಜಾಸ್ತಿ, ಬೆಲೆಯಲ್ಲೂ ಅದು ಕಾಣಬೇಕು.

ಹಾಗಾದರೆ ಯಾರಿಗೆ ಯಾವುದು?

ಮುಂದಿನ ವಾರ ವಿದೇಶಕ್ಕೆ ಹೊರಟಿದ್ದೀರಿ ಅಥವಾ ಸಾಲ ಬಾಕಿ ಇದೆ ಅಂದರೆ ಆನ್‌ಲೈನ್ ಕಂಪನಿ. ಕಡಿಮೆ ಸಿಕ್ಕಿದ್ದನ್ನು ಸಮಯದ ಬೆಲೆ ಅಂದುಕೊಳ್ಳಿ. ಹೊಸ ಕಾರು ತಗೊಳ್ಳುತ್ತಿದ್ದು, ಬೋನಸ್ ನಿಜವಾಗಿಯೂ ಹೆಚ್ಚುವರಿ ಆಗಿದ್ದರೆ ಷೋರೂಂ. ಅಪಘಾತ ಆದ, ಇಂಜಿನ್ ಕೆಲಸ ಇರುವ ಕಾರನ್ನು ತಾವೇ ಓಡಿಸಲು ಕೊಳ್ಳುವವರಿಗೆ ನೇರವಾಗಿ ಮಾರಲು ಹೋಗಬೇಡಿ, ಅದನ್ನು ರಿಪೇರಿ ಗೊತ್ತಿರುವ ಡೀಲರ್‌ಗೇ ಕೊಡಿ. ದುಬಾರಿ ಜರ್ಮನ್ ಕಾರುಗಳಿಗೂ ನೇರ ಮಾರಾಟ ಅಷ್ಟು ಒಗ್ಗದು. ಕೊಳ್ಳುವವರು ಕಡಿಮೆ, ಸುಮ್ನೆ ಓಡಿಸಿ ನೋಡಲು ಬರುವವರೇ ಜಾಸ್ತಿ. 15 ವರ್ಷ ತುಂಬುತ್ತಿರುವ ಕಾರಿಗೆ ಮರುನೋಂದಣಿ ಮಾಡಿಸಿ ಮಾರುವುದೋ ಹಾಗೇ ಕೊಡುವುದೋ ಅಂತ ಲೆಕ್ಕ ಹಾಕಿ. ಮಾಡಿಸದ ಕಾರಿಗೆ ನೇರ ಗಿರಾಕಿ ಸಿಗುವುದು ಕಷ್ಟ.

ಆಲ್ಟೊ, ಸ್ವಿಫ್ಟ್, ಐ10, ವ್ಯಾಗನ್‌ಆರ್, ಇನೋವಾದಂಥ ಎಲ್ಲರಿಗೂ ಗೊತ್ತಿರುವ ಕಾರು, ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್ಲು ಇದೆ, ಅವಸರ ಇಲ್ಲ ಅನ್ನುವವರು ಮೊದಲು ನೇರವಾಗಿ ಪ್ರಯತ್ನಿಸಿ. ಒಂದು ಗಡುವು ಹಾಕಿಕೊಳ್ಳಿ, ಮೂರು ವಾರ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಸರಿಯಾದವರು ಸಿಗದಿದ್ದರೆ ಕಂಪನಿಗೆ ಫೋನ್ ಮಾಡುವ ದಾರಿ ತೆರೆದೇ ಇರುತ್ತದೆ. ಕಳೆದುಕೊಳ್ಳುವುದು ಕೆಲವು ಫೋನ್ ಕರೆಗಳ ಸಮಯ ಅಷ್ಟೇ.

ಯಾವ ದಾರಿ ಹಿಡಿದರೂ ಕಾರು ಹೋದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲವಾದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪತ್ರವನ್ನೂ ತಗೊಳ್ಳಿ. ಆ ಬೋನಸ್ ಕಾರಿನದ್ದಲ್ಲ, ನಿಮ್ಮದು. 50% ತನಕ ಇರಬಹುದು, 3 ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಅದಕ್ಕೆ ಬಳಸಬಹುದು.